ವೇದನೆ, ಔಷಧ ಮತ್ತು ವ್ರತ

ಶ್ರಾವಕನ ಧರ್ಮಾಚರಣೆಯಲ್ಲಿ ಮೊಣಕಾಲಿಗೆ ಇರುವ ಪಾತ್ರವನ್ನು ಅದು ಸ್ವಸ್ಥವಾಗಿರುವಾಗ ಯಾರೂ ಎಣಿಸುವುದಿಲ್ಲ. ಬಸದಿಯ ಮೆಟ್ಟಿಲನ್ನೇರುವುದು, ಜಿನಬಿಂಬದ ಮುಂದೆ ಪಂಚಾಂಗ ನಮಸ್ಕಾರ ಮಾಡುವುದು, ಪದ್ಮಾಸನದಲ್ಲಿ ಕುಳಿತು ಸಾಮಾಯಿಕ ಮಾಡುವುದು, ಕಾಯೋತ್ಸರ್ಗದಲ್ಲಿ ನಿಲ್ಲುವುದು, ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚಿನ ಮೆಟ್ಟಿಲುಗಳನ್ನು ಹತ್ತುವುದು, ಇವೆಲ್ಲವೂ ಮೊಣಕಾಲಿನ ಬಲದಿಂದಲೇ ನಡೆಯುತ್ತವೆ. ಆ ಕೀಲು ಕೆಟ್ಟಾಗ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದು ಇಂದು ಅಪರೂಪವಲ್ಲ. ಆದರೆ ಶಸ್ತ್ರಚಿಕಿತ್ಸೆಯ ಅನಂತರ ಬರುವ ನೋವನ್ನು ವ್ರತಧಾರಿಯು ಹೇಗೆ ಎದುರಿಸಬೇಕು? ಔಷಧದಿಂದ ಅದನ್ನು ತಗ್ಗಿಸಿಕೊಳ್ಳುವುದು ದೌರ್ಬಲ್ಯವೋ? ಸಹಿಸಿಕೊಂಡಿರುವುದೇ ತಪಸ್ಸೋ? ಈ ಪ್ರಶ್ನೆ ಹಲವು ಮನೆಗಳಲ್ಲಿ ಏಳುತ್ತದೆ. ಏಳುವುದು ಬಹುಮಟ್ಟಿಗೆ ನಡುರಾತ್ರಿಯಲ್ಲಿ, ಶಾಂತವಾಗಿ ವಿಚಾರಿಸಲು ಯಾರಿಗೂ ಸಾಧ್ಯವಿಲ್ಲದ ಹೊತ್ತಿನಲ್ಲಿ. ಆದುದರಿಂದ ಅದನ್ನು ಹಗಲಿನಲ್ಲಿಯೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಉದಾಹರಣೆಗೆ ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಐವತ್ತು ದಾಟಿದ ಒಬ್ಬ ಶ್ರಾವಕಿ. ಇಪ್ಪತ್ತು ವರ್ಷಗಳಿಂದ ರಾತ್ರಿಭೋಜನವನ್ನು ನೀರು ಸಹಿತ ತ್ಯಜಿಸಿದವರು. ಅಷ್ಟಮಿ ಚತುರ್ದಶಿಗಳಂದು ಪ್ರೋಷಧೋಪವಾಸವನ್ನು ತಪ್ಪಿಸದವರು. ಮೆಟ್ಟಿಲಿನಲ್ಲಿ ಜಾರಿ ಮೊಣಕಾಲಿನೊಳಗಿನ ಮೃದ್ವಸ್ಥಿ ಹರಿದು, ಕೀಲು ಸಿಕ್ಕಿಕೊಂಡಂತಾಗಿ, ತ್ರಯೋದಶಿಯಂದು ಬೆಳಿಗ್ಗೆ ಶಸ್ತ್ರಚಿಕಿತ್ಸೆ ನಡೆಯಿತು. ಸಂಜೆ ಮನೆಗೆ ಬಂದು ಸೂರ್ಯಾಸ್ತಕ್ಕೆ ಮೊದಲು ಒಂದಿಷ್ಟು ಗಂಜಿ ಕುಡಿದು, ಚತುರ್ದಶಿಯ ಉಪವಾಸವನ್ನು ಎಂದಿನಂತೆ ಸ್ವೀಕರಿಸಿದರು. ಕಾಲಿಗೆ ಕೊಟ್ಟಿದ್ದ ಮರವಳಿಕೆಯ ಪ್ರಭಾವ ರಾತ್ರಿ ಒಂದು ಗಂಟೆಯ ವೇಳೆಗೆ ಇಳಿಯಿತು. ಸೊಸೆ ಗುಳಿಗೆ, ನೀರು ತಂದು, “ಅತ್ತೆ, ಇದೊಂದು ತೆಗೆದುಕೊಳ್ಳಿ, ಡಾಕ್ಟರು ಹೇಳಿದ್ದಾರೆ” ಎಂದಳು. “ಬೇಡಮ್ಮಾ, ಹೊತ್ತು ಮುಳುಗಿದ ಮೇಲೆ ನನ್ನ ಬಾಯಿಗೆ ಏನೂ ಬೇಡ” ಎಂದರು ಅತ್ತೆ. ಆ ರಾತ್ರಿಯೆಲ್ಲ ನರಳಾಟ. ಜಪಮಾಲೆ ಕೈಯಲ್ಲಿದ್ದರೂ ಮಣಿ ಮುಂದೆ ಹೋಗಲಿಲ್ಲ. ಹಾಸಿಗೆಯನ್ನು ಸರಿಪಡಿಸಲು ಬಂದ ಸೊಸೆಯ ಮೇಲೆ ಸಿಟ್ಟು. ಶಸ್ತ್ರಚಿಕಿತ್ಸೆಗೆ ಒಪ್ಪಿದ ಮಗನ ಮೇಲೆ ದೂರು. ಮರುದಿನ ವ್ಯಾಯಾಮ ಮಾಡಿಸಲು ಬಂದವರು ಕಾಲನ್ನು ಮುಟ್ಟಲು ಬಿಡದ ಕಾರಣ ಹಿಂದಿರುಗಿದರು. ನೋಡಲು ಬಂದ ಬಂಧುಗಳಲ್ಲಿ ಒಬ್ಬರು “ಎಂಥ ದೃಢವ್ರತ!” ಎಂದು ಕೊಂಡಾಡಿದರು, ಇನ್ನೊಬ್ಬರು “ಇದೆಂಥ ಹಟ!” ಎಂದು ಹಳಿದರು. ಇಬ್ಬರ ಮಾತೂ ಪ್ರಶ್ನೆಯ ಮೂಲವನ್ನು ಮುಟ್ಟಲಿಲ್ಲ.

ಮೊದಲು ಶಸ್ತ್ರಚಿಕಿತ್ಸೆಯ ಸ್ವರೂಪವನ್ನು ತಿಳಿಯಬೇಕು. ಮೊಣಕಾಲನ್ನು ದೊಡ್ಡದಾಗಿ ತೆರೆಯದೆ, ಒಂದು ಸೆಂಟಿಮೀಟರಿಗೂ ಕಿರಿದಾದ ಎರಡು ಮೂರು ರಂಧ್ರಗಳ ಮೂಲಕ ಸಣ್ಣ ದರ್ಶಕನಳಿಕೆಯನ್ನೂ ಉಪಕರಣಗಳನ್ನೂ ತೂರಿಸಿ ಮಾಡುವ ಈ ವಿಧಾನಕ್ಕೆ ಆರ್ಥ್ರೋಸ್ಕೋಪಿ ಎಂದು ಹೆಸರು. ಜಪಾನಿನ ಕೆಂಜಿ ತಕಾಗಿ ಎಂಬ ವೈದ್ಯರು 1918ರಲ್ಲಿ ಮೂತ್ರಕೋಶವನ್ನು ನೋಡುವ ನಳಿಕೆಯಿಂದ ಮೃತದೇಹದ ಮೊಣಕಾಲಿನ ಒಳಭಾಗವನ್ನು ನೋಡಿದರು. ಅವರ ಪರಂಪರೆಯ ಮಸಾಕಿ ವತಾನಬೆ 1962ರಲ್ಲಿ ಹರಿದ ಮೃದ್ವಸ್ಥಿಯ ಭಾಗವನ್ನು ಇದೇ ಮಾರ್ಗದಿಂದ ಕತ್ತರಿಸಿ ತೆಗೆದರು. ಗಾಯ ಚಿಕ್ಕದಾದುದರಿಂದ ರೋಗಿ ಅನೇಕ ವೇಳೆ ಅದೇ ದಿನ ಮನೆಗೆ ಮರಳುತ್ತಾನೆ. ಆದರೆ ಚರ್ಮದ ಮೇಲಿನ ಗಾಯ ಚಿಕ್ಕದೆಂದ ಮಾತ್ರಕ್ಕೆ ಒಳಗಿನ ನೋವೂ ಚಿಕ್ಕದೆಂದು ಭಾವಿಸುವುದು ತಪ್ಪು. ಕೀಲಿನೊಳಗೆ ದ್ರವವನ್ನು ತುಂಬಿ, ಅಂಗಾಂಶಗಳನ್ನು ಕತ್ತರಿಸಿ, ಸವರಿ ಮಾಡಿದ ಕೆಲಸದಿಂದ ಊತವೂ ಉರಿಯೂ ಉಂಟಾಗುತ್ತವೆ. ಸಾಮಾನ್ಯವಾಗಿ ಮೊದಲ ಎರಡು ಮೂರು ದಿನಗಳು ಕಠಿನ. ಅನಂತರ ನೋವು ಕ್ರಮೇಣ ಇಳಿಯುತ್ತದೆ. ನರಕ್ಕೆ ಒಮ್ಮೆ ಕೊಟ್ಟ ಮರವಳಿಕೆಯ ಮದ್ದು ಹೆಚ್ಚಾಗಿ 12ರಿಂದ 24 ಗಂಟೆಗಳ ಕಾಲ ನಿಲ್ಲುತ್ತದೆ. ಬೆಳಿಗ್ಗೆ ಚಿಕಿತ್ಸೆಯಾದವರಿಗೆ ಅದು ಕಳೆಯುವುದು ರಾತ್ರಿಯಲ್ಲಿಯೇ ಎಂಬುದನ್ನು ರಾತ್ರಿವ್ರತಿಗಳು ಮೊದಲೇ ಅರಿತಿರಬೇಕು.

ಈ ನೋವನ್ನು ತಗ್ಗಿಸಲು ವೈದ್ಯರು ಒಂದೇ ಔಷಧವನ್ನು ನಂಬುವುದಿಲ್ಲ. ಕಾಲನ್ನು ದಿಂಬುಗಳ ಮೇಲೆ ಹೃದಯದ ಮಟ್ಟಕ್ಕಿಂತ ಎತ್ತರದಲ್ಲಿಡುವುದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ಇಪ್ಪತ್ತು ನಿಮಿಷಗಳ ಕಾಲ ಇಟ್ಟು ತೆಗೆಯುವುದು. ಹದವಾಗಿ ಪಟ್ಟಿ ಕಟ್ಟುವುದು. ಹಿಮ್ಮಡಿಯನ್ನು ಮೇಲೆ ಕೆಳಗೆ ಆಡಿಸುವುದು. ತೊಡೆಯ ಮುಂಭಾಗದ ಸ್ನಾಯುವನ್ನು ಬಿಗಿದು ಸಡಿಲಿಸುವುದು, ಇವು ಬಾಯಿಗೆ ಏನನ್ನೂ ಹಾಕದೆ ಮಾಡಬಹುದಾದ ಉಪಚಾರಗಳು. ಇವುಗಳೊಂದಿಗೆ ಪ್ಯಾರಾಸಿಟಮಾಲ್, ಅಗತ್ಯವಿದ್ದರೆ ಐಬುಪ್ರೊಫೆನ್ ಅಥವಾ ಡೈಕ್ಲೋಫೆನಾಕಿನಂತಹ ಊತನಿವಾರಕ, ತೀವ್ರ ನೋವಿದ್ದಾಗ ಕೆಲವು ದಿನಗಳ ಮಟ್ಟಿಗೆ ಟ್ರಮಡಾಲಿನಂತಹ ಪ್ರಬಲ ಔಷಧ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುವುದು ಕ್ರಮ. ಇದರ ಉದ್ದೇಶ ರೋಗಿಗೆ ಸುಖ ಕೊಡುವುದಷ್ಟೇ ಅಲ್ಲ. ನೋವು ಮೀರಿದರೆ ನಿದ್ರೆ ಬಾರದು, ಕಾಲು ಮಡಿಸಲಾಗದು. ಕಾಲು ಮಡಿಸದಿದ್ದರೆ ಕೀಲು ಬಿಗಿದುಕೊಳ್ಳುತ್ತದೆ, ತೊಡೆಯ ಸ್ನಾಯು ಬೇಗನೆ ಕೃಶವಾಗುತ್ತದೆ, ಅಲುಗದೆ ಮಲಗಿದ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚುತ್ತದೆ. ಚಿಕಿತ್ಸೆಯ ಫಲವು ನಿಂತಿರುವುದು ಚಲನೆಯ ಮೇಲೆ. ಚಲನೆ ನಿಂತಿರುವುದು ನೋವಿನ ನಿಯಂತ್ರಣದ ಮೇಲೆ.

ಇಲ್ಲಿ ಮೊದಲನೆಯ ಆಕ್ಷೇಪವು ಏಳುತ್ತದೆ. ವೇದನೆ ಎಂಬುದು ಅಸಾತಾವೇದನೀಯ ಕರ್ಮದ ಉದಯ; ಅದನ್ನು ಅನುಭವಿಸಿಯೇ ಕಳೆಯಬೇಕು; ಔಷಧ ಸೇವಿಸುವವನು ಕರ್ಮದ ಋಣವನ್ನು ಮುಂದೂಡುತ್ತಾನೆ ಎಂಬುದು ಅನೇಕರ ನಂಬಿಕೆ. ಆದರೆ ಕೇವಲ ವೇದನೆಯೇ ಮೋಕ್ಷಮಾರ್ಗದ ನಿರ್ಜರೆಯಾಗುವುದಾದರೆ ನಾರಕಿಗಳೇ ಎಲ್ಲರಿಗಿಂತ ಮೊದಲು ಕರ್ಮಮುಕ್ತರಾಗಬೇಕಾಗಿತ್ತು. ಕರ್ಮವು ಫಲಕೊಟ್ಟು ಉದುರುವ ಸವಿಪಾಕ ನಿರ್ಜರೆ ಎಲ್ಲ ಜೀವರಿಗೂ ಪ್ರತಿಕ್ಷಣವೂ ನಡೆಯುತ್ತಿರುತ್ತದೆ. ಅದರೊಂದಿಗೆ ರಾಗದ್ವೇಷಗಳಿಂದ ಹೊಸ ಬಂಧವೂ ನಡೆಯುತ್ತಿರುತ್ತದೆ. ಮಾರ್ಗಕ್ಕೆ ಸಾಧನವಾಗುವುದು ತಪಸ್ಸಿನಿಂದ, ಸಂವರಪೂರ್ವಕವಾಗಿ, ಸಮಭಾವದಿಂದ ಆಗುವ ನಿರ್ಜರೆ. ಎಷ್ಟು ನೋವುಂಡೆ ಎಂಬುದು ಅಲ್ಲಿ ಲೆಕ್ಕವಲ್ಲ. ಎಂಥ ಪರಿಣಾಮದಿಂದ ಉಂಡೆ ಎಂಬುದು ಲೆಕ್ಕ. ಅಲ್ಲದೆ ಕರ್ಮದ ಉದಯವು ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತವನ್ನು ಪಡೆದೇ ಆಗುವುದೆಂದೂ ಅಸಾತವು ಸಾತವಾಗಿ ಸಂಕ್ರಮಿಸಬಹುದೆಂದೂ ಕರ್ಮಸಿದ್ಧಾಂತವೇ ಹೇಳುತ್ತದೆ. ಔಷಧವೂ ಒಂದು ಬಾಹ್ಯನಿಮಿತ್ತ. ಹಸಿದವನು ಉಣ್ಣುವುದು ಕರ್ಮವಂಚನೆಯಲ್ಲವಾದರೆ, ನೊಂದವನು ಔಷಧ ಸೇವಿಸುವುದೂ ಅಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ದಾನಗಳನ್ನು ಹೇಳಿದ ಧರ್ಮದಲ್ಲಿ, ಕೊಡುವವನಿಗೆ ಪುಣ್ಯವಾದುದು ಕೊಳ್ಳುವವನಿಗೆ ಪಾಪವಾಗುವುದು ಹೇಗೆ?

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದುದು. ವಡ್ಡಾರಾಧನೆಯ ಕಥೆಗಳನ್ನು ಕೇಳಿ ಬೆಳೆದ ಕನ್ನಡ ಜೈನರಿಗೆ ಸುಕುಮಾರಸ್ವಾಮಿಯ ಕಥೆ ಅಪರಿಚಿತವಲ್ಲ. ನರಿಯು ತನ್ನ ಮರಿಗಳೊಡನೆ ಕಾಲುಗಳಿಂದ ತೊಡಗಿ ದೇಹವನ್ನು ತಿನ್ನುತ್ತಿದ್ದರೂ ಆತನು ಚಲಿಸಲಿಲ್ಲ. ಸನತ್ಕುಮಾರ ಚಕ್ರವರ್ತಿಯು ಮುನಿಯಾದ ಮೇಲೆ ವ್ಯಾಧಿಗಳಿಂದ ಪೀಡಿತನಾದರೂ, ವೈದ್ಯವೇಷದಲ್ಲಿ ಬಂದ ದೇವನ ಚಿಕಿತ್ಸೆಯನ್ನು ಬಯಸಲಿಲ್ಲ. ಇಪ್ಪತ್ತೆರಡು ಪರೀಷಹಗಳಲ್ಲಿ ರೋಗವೂ ಒಂದು. ಹೀಗಿರುವಾಗ ಒಂದು ಗುಳಿಗೆಗಾಗಿ ಕೈಚಾಚುವುದು ಆ ಮಹಾಪುರುಷರ ಸಂತತಿಗೆ ಶೋಭೆಯೇ?

ಈ ಪ್ರಶ್ನೆಗೆ ಉತ್ತರ ಆ ಕಥೆಗಳಲ್ಲಿಯೇ ಇದೆ. ಸುಕುಮಾರಸ್ವಾಮಿಯ ಹಿರಿಮೆ ಇರುವುದು ನರಿ ತಿಂದುದರಲ್ಲಿ ಅಲ್ಲ, ತಿನ್ನುವಾಗಲೂ ಕದಡದ ಭಾವದಲ್ಲಿ. ಆ ಮುನಿಗಳು ದೇಹಮಮತ್ವವನ್ನು ಮೊದಲೇ ತೊರೆದವರು. ವೇದನೆ ಬಂದಾಗ ಅದು ತೊರೆದ ವಸ್ತುವಿಗೆ ಬಂದಿತು. ಗೃಹಸ್ಥನಾದರೋ ಮನೆ, ಮಕ್ಕಳು, ವ್ಯವಹಾರಗಳ ನಡುವೆ ಇದ್ದು, ಕಾಲು ಗುಣವಾಗಲೆಂಬ ಅಪೇಕ್ಷೆಯಿಂದಲೇ ಶಸ್ತ್ರಚಿಕಿತ್ಸೆಗೆ ಒಪ್ಪಿದವನು. ಬೆಳಿಗ್ಗೆ ಶಸ್ತ್ರವನ್ನೂ ಮರವಳಿಕೆಯನ್ನೂ ಸ್ವೀಕರಿಸಿ, ರಾತ್ರಿ ಅದೇ ಚಿಕಿತ್ಸೆಯ ಉಳಿದ ಭಾಗವನ್ನು ಮಾತ್ರ ನಿರಾಕರಿಸಿದರೆ ಅದು ಮುನಿಧರ್ಮವಾಗಲಾರದು, ಗೃಹಸ್ಥಧರ್ಮವೂ ಆಗಲಾರದು. ದಿಗಂಬರ ಮುನಿಗಳಿಗೆ ನಿಂತು ಆಹಾರ ಸ್ವೀಕರಿಸುವುದು ಮೂಲಗುಣ. ಇಂದ್ರಿಯಬಲ, ಜಂಘಾಬಲಗಳು ಕುಂದಿದಾಗ ಅವರು ಎದುರಿಸುವ ಪ್ರಶ್ನೆಯೇ ಬೇರೆ. ಆಚಾರ್ಯ ಶಾಂತಿಸಾಗರರು ದೃಷ್ಟಿ ಕುಂದಿದ ಮೇಲೆ 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನವನ್ನು ಸ್ವೀಕರಿಸಿದರು. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಹೇಳಿರುವುದು ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಜರೆ, ರೋಗಗಳನ್ನು. ಕೆಲವು ವಾರಗಳಲ್ಲಿ ಗುಣವಾಗುವ ಮೊಣಕಾಲು ಆ ಪಟ್ಟಿಗೆ ಸೇರದು. ಆ ಸಮಂತಭದ್ರರ ವಿಷಯದಲ್ಲಿಯೇ ಪರಂಪರೆಯು ಒಂದು ಕಥೆಯನ್ನು ಹೇಳುತ್ತದೆ. ಭಸ್ಮಕವ್ಯಾಧಿಯಿಂದ ಪೀಡಿತರಾದ ಅವರು ಸಲ್ಲೇಖನಕ್ಕೆ ಅನುಜ್ಞೆ ಬೇಡಿದಾಗ ಗುರುಗಳು ಒಪ್ಪಲಿಲ್ಲ. ಮೊದಲು ರೋಗವನ್ನು ಕಳೆದುಕೊಂಡು, ಅನಂತರ ಮರಳಿ ದೀಕ್ಷೆ ಕೈಗೊಳ್ಳಬೇಕೆಂದು ಆಜ್ಞಾಪಿಸಿದರು. ರೋಗ ಕಳೆಯಿತು, ದೀಕ್ಷೆ ಮರಳಿತು, ಶಾಸನಕ್ಕೆ ಮಹೋಪಕಾರವಾಯಿತು. ಯಾವ ವೇದನೆಯನ್ನು ಸಹಿಸಬೇಕು, ಯಾವುದನ್ನು ಚಿಕಿತ್ಸಿಸಬೇಕು ಎಂಬ ವಿವೇಕವೂ ಧರ್ಮದ ಅಂಗವೇ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹಾಗಾದರೆ ಸಹನೆಗೂ ಹಟಕ್ಕೂ ಇರುವ ಗೆರೆ ಯಾವುದು? ತತ್ತ್ವಾರ್ಥಸೂತ್ರವು ಆರ್ತಧ್ಯಾನವನ್ನು ನಾಲ್ಕು ಬಗೆಯಾಗಿ ವಿಭಾಗಿಸಿದೆ: ಅನಿಷ್ಟದ ಸಂಯೋಗ, ಇಷ್ಟದ ವಿಯೋಗ, ವೇದನೆ, ನಿದಾನ. ನೋವಿನ ಕುರಿತೇ ಮತ್ತೆ ಮತ್ತೆ ಚಿಂತಿಸುತ್ತ ಅದರಲ್ಲಿಯೇ ಚಿತ್ತವು ಸಿಕ್ಕಿಬೀಳುವುದು ಮೂರನೆಯ ಬಗೆ. ಈ ಧ್ಯಾನವು ಅವ್ರತಿಗೆ ಮಾತ್ರವಲ್ಲ, ದೇಶವ್ರತಿಗೂ ಆಗುತ್ತದೆಂದು ಶಾಸ್ತ್ರ ಎಚ್ಚರಿಸಿದೆ. ಅಂದರೆ ವ್ರತವಿದೆ ಎಂಬ ಒಂದೇ ಕಾರಣದಿಂದ ನರಳಾಟವು ತಪಸ್ಸಾಗುವುದಿಲ್ಲ. ಆ ಶ್ರಾವಕಿಯ ರಾತ್ರಿಯನ್ನು ಮತ್ತೆ ನೆನೆಯಬೇಕು. ಬಾಯಿಗೆ ಏನೂ ಬೀಳಲಿಲ್ಲ, ನಿಜ. ಆದರೆ ಜಪ ನಿಂತಿತು, ಕ್ರೋಧ ಹುಟ್ಟಿತು, ಮನೆಯವರ ಮೇಲೆ ದೂರು ಬೆಳೆಯಿತು. ರಾಗಾದಿಗಳ ಉತ್ಪತ್ತಿಯೇ ಹಿಂಸೆ ಎಂಬ ಅಮೃತಚಂದ್ರಾಚಾರ್ಯರ ವಿವೇಚನೆಯಿಂದ ನೋಡಿದರೆ ವ್ರತದ ಹೊರಗೋಡೆ ನಿಂತಿತ್ತು, ಒಳಮನೆ ಕುಸಿದಿತ್ತು. ಅವರ ವ್ರತನಿಷ್ಠೆಯನ್ನು ಯಾರೂ ಲಘುವಾಗಿ ಕಾಣಬಾರದು. ಇಪ್ಪತ್ತು ವರ್ಷಗಳ ನಿಯಮವನ್ನು ಒಂದು ರಾತ್ರಿಯ ನೋವಿಗೆ ಬಿಟ್ಟುಕೊಡದ ಮನಸ್ಸು ಸಾಮಾನ್ಯವಲ್ಲ. ಆದರೆ ವ್ರತವು ಯಾವುದನ್ನು ಕಾಯಲು ಇದೆಯೋ ಅದನ್ನೇ ಕಳೆದುಕೊಂಡು ವ್ರತವನ್ನು ಉಳಿಸಿಕೊಂಡೆವೆಂದು ಹೇಳುವುದು ಕಷ್ಟ.

ಇದರ ಎದುರಿಗೆ ಇನ್ನೊಂದು ದೋಷವಿದೆ. ಅದನ್ನೂ ಹೇಳದಿದ್ದರೆ ಮಾತು ಏಕಪಕ್ಷವಾಗುತ್ತದೆ. ಕಿಂಚಿತ್ತೂ ನೋವಿರಬಾರದು ಎಂಬ ಬಯಕೆಯು ಭೋಗದ ಬಯಕೆಯೇ. ನೋವನ್ನು ಸೊನ್ನೆಯಿಂದ ಹತ್ತರವರೆಗೆ ಎಷ್ಟೆಂದು ವೈದ್ಯರು ಕೇಳುವಾಗ ಅದನ್ನು ಸೊನ್ನೆಗೆ ಇಳಿಸುವುದು ಅವರ ಗುರಿಯಲ್ಲ. ನಿದ್ರಿಸಲು, ಕಾಲು ಮಡಿಸಲು, ನಾಲ್ಕು ಹೆಜ್ಜೆ ನಡೆಯಲು ಸಾಧ್ಯವಾಗುವಷ್ಟು ತಗ್ಗಿಸುವುದು ಗುರಿ. ಇದನ್ನು ಮೀರಿದ ಔಷಧಕ್ಕೆ ಬೆಲೆ ತೆರಬೇಕಾಗುತ್ತದೆ. ಪ್ಯಾರಾಸಿಟಮಾಲ್ ವಯಸ್ಕರಿಗೆ 24 ಗಂಟೆಗಳಲ್ಲಿ ಒಟ್ಟು 4 ಗ್ರಾಂ ಮೀರಬಾರದು. ಕೃಶರಿಗೂ ಯಕೃತ್ತಿನ ದೋಷವಿರುವವರಿಗೂ ಮಿತಿ ಇನ್ನೂ ಕಡಿಮೆ. ಊತನಿವಾರಕಗಳು ಜಠರದಲ್ಲಿ ಹುಣ್ಣು ಮಾಡಬಲ್ಲವು, ಮೂತ್ರಪಿಂಡವನ್ನು ಕೆಡಿಸಬಲ್ಲವು. ಪ್ರಬಲ ಔಷಧಗಳು ಮಲಬದ್ಧತೆ, ವಾಕರಿಕೆ, ಮಂಪರುಗಳನ್ನು ತರುತ್ತವೆ, ದೀರ್ಘಕಾಲ ಬಳಸಿದರೆ ಚಟವಾಗುತ್ತವೆ. ಭೋಗೋಪಭೋಗಗಳಿಗೆ ಪರಿಮಾಣವಿಟ್ಟುಕೊಳ್ಳುವ ಶ್ರಾವಕನು ಔಷಧಕ್ಕೂ ಪರಿಮಾಣವಿಟ್ಟುಕೊಳ್ಳಬೇಕು: ಎಷ್ಟು, ಎಷ್ಟು ದಿನ, ಯಾವುದಕ್ಕಾಗಿ. ಯಾವ ಔಷಧವೂ ನೋವನ್ನು ಪೂರ್ತಿಯಾಗಿ ಅಳಿಸುವುದಿಲ್ಲ. ಸಮತೆಗೆ ನಿಲುಕುವಷ್ಟಕ್ಕೆ ತರುತ್ತದೆ. ಅಲ್ಲಿ ಉಳಿಯುವ ನೋವೇ ಗೃಹಸ್ಥನ ಪಾಲಿನ ಪರೀಷಹ. ವ್ಯಾಯಾಮದಲ್ಲಿ ಕಾಲು ಮಡಿಸುವಾಗ ಬರುವ ನೋವನ್ನು ಪಂಚನಮಸ್ಕಾರದ ಸ್ಮರಣೆಯೊಡನೆ, ಯಾರನ್ನೂ ದೂರದೆ ಸಹಿಸಿದರೆ, ಆ ಸಹನೆ ಯಾವ ದೊಡ್ಡ ಮಾತಿಗೂ ಕಡಿಮೆಯಲ್ಲ.

ಇನ್ನು ಆಚರಣೆಯ ಮಾತು. ವ್ರತವನ್ನು ಮುರಿಯದೆ ವೇದನೆಯನ್ನು ನಿಯಂತ್ರಿಸಲು ಬಹುಮಟ್ಟಿಗೆ ದಾರಿಯಿದೆ. ಆದರೆ ಆ ದಾರಿ ಶಸ್ತ್ರಚಿಕಿತ್ಸೆಗೆ ಮೊದಲೇ ಆರಂಭವಾಗಬೇಕು. ತುರ್ತಿಲ್ಲದ ಚಿಕಿತ್ಸೆಯ ದಿನವನ್ನು ಪರ್ವತಿಥಿಗಳಿಂದ, ದಶಲಕ್ಷಣ ಪರ್ವದಿಂದ ದೂರವಿಡಬಹುದು. ವ್ರತದ ವಿಷಯವನ್ನು ವೈದ್ಯರಿಂದ ಮುಚ್ಚಿಡಬಾರದು. ಸೂರ್ಯೋದಯದ ಎರಡು ಘಳಿಗೆಗಳ ಅನಂತರ, ಸೂರ್ಯಾಸ್ತಕ್ಕೆ ಎರಡು ಘಳಿಗೆಗಳ ಮೊದಲು, ಅಂದರೆ 48 ನಿಮಿಷಗಳ ಅಂತರದಲ್ಲಿ ಔಷಧವನ್ನು ಹೊಂದಿಸಲು ತಿಳಿಸಿದರೆ ಅವರು ದೀರ್ಘಕಾಲ ಕೆಲಸಮಾಡುವ ಔಷಧವನ್ನು ಆರಿಸಬಹುದು. ರಾತ್ರಿಗಾಗಿ ಚುಚ್ಚುಮದ್ದು, ಚರ್ಮಕ್ಕೆ ಅಂಟಿಸುವ ಪಟ್ಟಿ, ಗುದದ್ವಾರದಲ್ಲಿಡುವ ಗುಳಿಗೆಗಳಂತಹ ಬೇರೆ ಮಾರ್ಗವನ್ನೂ ಯೋಚಿಸಬಹುದು. ಬಾಯಿಯಿಂದಲ್ಲದ ಇಂಥ ಔಷಧವು ತಮ್ಮ ವ್ರತದ ಮಿತಿಯೊಳಗೆ ಬರುವುದೇ ಎಂಬುದನ್ನು ವ್ರತವನ್ನು ಕೊಟ್ಟ ಗುರುಗಳಲ್ಲಿ ಮೊದಲೇ ಕೇಳಿ ನಿಶ್ಚಯಿಸಿಕೊಳ್ಳಬೇಕು. ಆರಂಭದ ಹಂತದ ಶ್ರಾವಕನಿಗೆ ರಾತ್ರಿ ನೀರು, ಔಷಧಗಳ ವಿನಾಯಿತಿಯನ್ನು ಒಪ್ಪುವ ಕ್ರಮವೂ ಉಂಟು. ಮೇಲಿನ ಪ್ರತಿಮೆಯನ್ನು ಧರಿಸಿದವರಿಗೆ ಅದು ಸಲ್ಲದು. ಯಾರ ವ್ರತ ಯಾವ ಮಟ್ಟದ್ದೆಂಬುದನ್ನು ಅವರೇ ಅರಿತಿರಬೇಕು, ಮನೆಯವರು ಊಹಿಸಬಾರದು.

ಉಪವಾಸದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಊತನಿವಾರಕ ಗುಳಿಗೆಯನ್ನು ಬರಿಹೊಟ್ಟೆಯಲ್ಲಿ ಸೇವಿಸುವುದು ಜಠರಕ್ಕೆ ಕೆಡುಕು. ನೀರಿಲ್ಲದ ದೇಹದಲ್ಲಿ ಅದು ಮೂತ್ರಪಿಂಡಕ್ಕೆ ಕೆಡುಕು. ನಿರ್ಜಲ ಉಪವಾಸವೂ ಅಲುಗದ ಕಾಲೂ ಸೇರಿದರೆ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚು. ಮೀನಖಂಡದಲ್ಲಿ ಊತ ನೋವು, ಎದೆನೋವು, ಉಸಿರುಗಟ್ಟುವಿಕೆ, ಜ್ವರ, ಗಾಯದಿಂದ ಕೀವು, ಇವುಗಳಲ್ಲಿ ಯಾವುದು ಕಂಡರೂ ತಿಥಿಯನ್ನಾಗಲಿ ಹೊತ್ತನ್ನಾಗಲಿ ನೋಡದೆ ಆಸ್ಪತ್ರೆಗೆ ಹೋಗಬೇಕು. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಶಕ್ತಿಗೆ ತಕ್ಕಂತೆ ಎಂದೇ ಹೇಳಿದೆ. ಬಾಹ್ಯತಪಸ್ಸು ಅನಶನವೊಂದೇ ಅಲ್ಲ. ಗಾಯ ಮಾಗುವವರೆಗೆ ಅವಮೌದರ್ಯ, ರಸಪರಿತ್ಯಾಗಗಳನ್ನು ವೈದ್ಯರ ಸಲಹೆಗೆ ಹೊಂದುವಂತೆ ಆಚರಿಸಬಹುದು. ಕುರ್ಚಿಯ ಮೇಲೆ ಕುಳಿತೇ ಸಾಮಾಯಿಕ ಮಾಡಬಹುದು. ಹಾಸಿಗೆಯಲ್ಲಿದ್ದೇ ಸ್ವಾಧ್ಯಾಯ ಮಾಡಬಹುದು. ಅಂತರಂಗ ತಪಸ್ಸಿಗೆ ಮೊಣಕಾಲು ಅಡ್ಡಬರುವುದಿಲ್ಲ.

ಔಷಧದ ಶುದ್ಧಿಯನ್ನು ವಿಚಾರಿಸುವುದೂ ನ್ಯಾಯವೇ. ಕ್ಯಾಪ್ಸೂಲುಗಳ ಹೊದಿಕೆ ಅನೇಕ ವೇಳೆ ಪ್ರಾಣಿಗಳ ಚರ್ಮ, ಮೂಳೆಗಳಿಂದಾದ ಜಿಲೆಟಿನ್. ಸಸ್ಯಮೂಲದ ಹೊದಿಕೆಯುಳ್ಳವೂ ಉಂಟು, ಇದೇ ಔಷಧಗಳು ಗುಳಿಗೆಯ ರೂಪದಲ್ಲಿಯೂ ಸಿಗುತ್ತವೆ. ಲೇಹ್ಯಗಳಲ್ಲಿ ಜೇನು, ಆಸವ ಅರಿಷ್ಟಗಳಲ್ಲಿ ಮದ್ಯಾಂಶ ಇರುವುದನ್ನು ಮರೆಯಬಾರದು. ಒಂಬತ್ತನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನೇ ರಚಿಸಿದರು. ಅವರು ಅಶುದ್ಧವಾದ ಔಷಧವನ್ನು ಬಿಟ್ಟರು, ವೈದ್ಯವನ್ನು ಬಿಡಲಿಲ್ಲ.

ಮನೆಯವರ ಧರ್ಮವೂ ಇಲ್ಲಿ ಪರೀಕ್ಷೆಗೊಳಗಾಗುತ್ತದೆ. ವ್ರತಿಯನ್ನು ಬಲವಂತಪಡಿಸುವುದು, ನೀರಿನಲ್ಲಿ ಔಷಧವನ್ನು ಕಲಸಿ ತಿಳಿಯದಂತೆ ಕೊಡುವುದು ದ್ರೋಹ. ನರಳುವವರನ್ನು ಹೊಗಳಿ ಹುರಿದುಂಬಿಸುವುದೂ ಹಿತವಲ್ಲ. ಆ ಹೊಗಳಿಕೆಯನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಮರುದಿನವೂ ನೋಯಬೇಕಾಗುತ್ತದೆ. ಕಾಲನ್ನು ಎತ್ತಿ ದಿಂಬಿಡುವುದು, ಹೊತ್ತಿಗೆ ಸರಿಯಾಗಿ ಮಂಜುಗಡ್ಡೆ ಇಡುವುದು, ರಾತ್ರಿ ಬಳಿಯಲ್ಲಿ ಕುಳಿತು ಸ್ತೋತ್ರ ಓದುವುದು, ಇವೇ ವೈಯಾವೃತ್ಯ. ಕದಡಿದ ಚಿತ್ತವನ್ನು ಮರಳಿ ಧರ್ಮದಲ್ಲಿ ನಿಲ್ಲಿಸುವ ಸ್ಥಿತೀಕರಣವು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದಲ್ಲವೇ?

ಎಲ್ಲ ಸಿದ್ಧತೆಯ ಅನಂತರವೂ ತಡೆಯಲಾಗದ ರಾತ್ರಿ ಬಂದೀತು, ಗುಳಿಗೆಯನ್ನು ಸೇವಿಸಬೇಕಾದೀತು. ಆಗ ಅದನ್ನು ದೋಷವಲ್ಲವೆಂದು ವಾದಿಸುವುದೂ ಬೇಡ, ವ್ರತವೆಲ್ಲ ನಾಶವಾಯಿತೆಂದು ಎದೆಗೆಡುವುದೂ ಬೇಡ. ಗುರುಗಳಲ್ಲಿ ಆಲೋಚನೆ ಮಾಡಿ, ಅವರು ಕೊಟ್ಟ ಪ್ರಾಯಶ್ಚಿತ್ತವನ್ನು ಸ್ವೀಕರಿಸಿ, ವ್ರತವನ್ನು ಪುನಃ ಕೈಗೊಳ್ಳುವುದು ಮಾರ್ಗ. ಪ್ರಾಯಶ್ಚಿತ್ತವೂ ತಪಸ್ಸೇ, ಅಂತರಂಗ ತಪಸ್ಸುಗಳಲ್ಲಿ ಅದಕ್ಕೆ ಮೊದಲ ಸ್ಥಾನ.

ಆ ಶ್ರಾವಕಿಗೆ ಮುಂದಿನ ಅಷ್ಟಮಿ ಬರುತ್ತದೆ. ಅಷ್ಟರಲ್ಲಿ ಹಗಲಿನಲ್ಲಿಯೇ ವೈದ್ಯರನ್ನೂ ಗುರುಗಳನ್ನೂ ಕೇಳಿ, ಔಷಧದ ಹೊತ್ತನ್ನು ಹೊಂದಿಸಿಕೊಂಡು, ಉಪವಾಸದ ಬದಲು ಗುರುಗಳು ಹೇಳಿದ ನಿಯಮವನ್ನು ಹಿಡಿದು, ರಾತ್ರಿ ಉಳಿದ ನೋವಿನೊಡನೆ ಜಪಮಾಲೆಯನ್ನು ಹಿಡಿದರೆ ಮಣಿಗಳು ಒಂದೊಂದಾಗಿ ಮುಂದೆ ಸಾಗಿಯಾವು. ಸೊಸೆ ದಿಂಬು ಸರಿಪಡಿಸಿದಾಗ ಸಿಟ್ಟಿನ ಬದಲು ಒಂದು ಒಳ್ಳೆಯ ಮಾತು ಬಂದೀತು. ವ್ರತವು ಉಳಿಯಿತೋ ಇಲ್ಲವೋ ಎಂಬುದನ್ನು ಅಳೆಯಲು ಆ ಜಪವನ್ನೂ ಆ ಮಾತನ್ನೂ ನೋಡಿದರೆ ಸಾಕು. ಕಾಲು ಗುಣವಾದ ಮೇಲೆ ಬಸದಿಯ ಮೆಟ್ಟಿಲು ಇದ್ದೇ ಇದೆ.